ಮೆಚೋಗೆ ಯಾರೂ ತಿಂಡಿ ಹಾಕಬೇಡಿ

ಬಿಸ್ತ್ರಾ ಆ ಕಾರ್ಯಾಗಾರಕ್ಕೆ ಸೇರಿದ್ದು ಮುಕ್ಕಾಲಿ ಮಾಡುವುದಕ್ಕೆ. ಮುಕ್ಕಾಲಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ನಡೆಯುತ್ತಿತ್ತು.

ಅವಳ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಒಮ್ಮೆಗೇ ಹೋದದ್ದಲ್ಲ, ಅಂಚಿನಿಂದ ಶುರುವಾಗಿ, ಬರಬರುತ್ತಾ ನಡುವಿನ ಒಂದು ತೂತಿನಷ್ಟೇ ಉಳಿದು, ಕೊನೆಗೆ ಅದೂ ಮುಚ್ಚಿಕೊಂಡಿತ್ತು. ಹೆಣಿಗೆ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಮರಗೆಲಸ ಕಲಿತಳು. ಮನೆಯಲ್ಲಿ ಹಳೆಯ ಕುರ್ಚಿಗಳಿಗೆ ಹುರಿಯ ಆಸನ ಹೆಣೆದುಕೊಡುತ್ತಿದ್ದಳು. ಐದನೆಯ ಮಹಡಿಯ ಅಡುಗೆಮನೆಯಲ್ಲಿ ಸುತ್ತಿಗೆ ಎತ್ತಿದರೆ ಸಾಕು, ಕೆಳಗಿನ ಮನೆಯ ಮುದುಕಿ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದಳು. ಆ ಕುಟ್ಟಾಟ ಕೇಳಿ ಕೇಳಿ ಬೇಸತ್ತ ಅಕ್ಕ ಒಂದು ದಿನ ಹೇಳಿದಳು: "ಡ್ಯಾನ್ಯೂಬ್ ನದಿ ದಂಡೆಯ ಹಳೇ ಡಬ್ಬಿ ಕಾರ್ಖಾನೆ ಇದೆಯಲ್ಲ, ಅಲ್ಲಿ ಎಲ್ಲರೂ ಸೇರಿ ಯಂತ್ರ ಇಟ್ಕೊಂಡಿದ್ದಾರಂತೆ. ತಿಂಗಳ ಚಂದಾ ಕಟ್ಟಿದರೆ ಯಾರು ಬೇಕಾದರೂ ಹೋಗಿ ಕೆಲಸ ಮಾಡ್ಬಹುದಂತೆ. ಹೋಗು, ಆ ಮುದುಕಿಗೂ ನೆಮ್ಮದಿ."

ಬಿಸ್ತ್ರಾ ಫೋನ್ ಮಾಡಿದಳು. ಕಾರ್ಯಾಗಾರ ನೋಡಿಕೊಳ್ಳುವ ವೆಸೆಲಿನ್ ಎಂಬಾತ ಎತ್ತಿದ. ತನಗೆ ಕಣ್ಣು ಕಾಣುವುದಿಲ್ಲ, ಜೊತೆಗೆ ದಾರಿ ತೋರುವ ನಾಯಿ ಇರುತ್ತದೆ ಎಂದು ಅವಳು ಹೇಳಿದಳು. ಅವನು ಭಾವುಕನಾಗಿ ಅಂದ: "ನೀವು ಬರ್ಲೇಬೇಕು. ನಾವು ನಿಮಗೋಸ್ಕರಾನೇ ಕಾಯ್ತಾ ಇದ್ವಿ ಅಂದ್ಕೊಳ್ಳಿ."

ಅಲ್ಲೇ ಅವಳಿಗೆ ಸ್ವಲ್ಪ ಅನುಮಾನ ಬರಬೇಕಾಗಿತ್ತು.

ಮೊದಲ ದಿನ ಬಾಗಿಲಲ್ಲೇ ಜನ ಸೇರಿದ್ದರು. ಚರ್ಮದ ಚೀಲ ಹೊಲಿಯುವ ಗಿನ್ಕಾ ಎಂಬ ಹೆಂಗಸು ಅತಿಥಿಗಳನ್ನು ಬರಮಾಡಿಕೊಳ್ಳುವ ಪದ್ಧತಿಯಂತೆ ತಾನೇ ಸುಟ್ಟ ದುಂಡು ರೊಟ್ಟಿಯನ್ನು ಉಪ್ಪಿನ ಜೊತೆ ಮುಂದೆ ಹಿಡಿದು, "ಮುರೀರಿ, ಮುರೀರಿ, ಇಲ್ಲೇ ನಿಮ್ಮ ಮುಂದೆ ಇದೆ," ಎಂದು ಕಿವಿಗೆ ಬಾಯಿಟ್ಟು ಕೂಗಿದಳು. ಬಿಸ್ತ್ರಾ ಮುರಿದು ಉಪ್ಪಿಗೆ ಅದ್ದಿ ತಿಂದಳು. ಪಕ್ಕದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ನಾಯಿ ಮೆಚೋ ಬಾಯಿ ಚಪ್ಪರಿಸಿದ ಸದ್ದಾಯಿತು. ಯಾರೋ ಫೋಟೊ ತೆಗೆದರು. ಬಿಸ್ತ್ರಾ ನಕ್ಕಳು. ಬಂದ ದಿನವೇ ಮುಖ ಗಂಟಿಕ್ಕಿಕೊಂಡರೆ ಚೆನ್ನಾಗಿರುವುದಿಲ್ಲ ಎಂದುಕೊಂಡಳು.

ವೆಸೆಲಿನ್ ಅವಳ ಕೈ ಹಿಡಿದು ಗೋಡೆಯ ಮೇಲೆ, ಯಂತ್ರಗಳ ಮೇಲೆ, ಬೀರುಗಳ ಮೇಲೆ ಇಟ್ಟು ಇಟ್ಟು ತೋರಿಸಿದ. "ಎಲ್ಲಾ ಕಡೆ ಬ್ರೈಲ್ ಅಂಟಿಸಿದ್ದೀವಿ ನೋಡಿ. ಒಂದು ವಾರ ಕೂತು ಮಾಡಿದ್ದು."

ಬಿಸ್ತ್ರಾ ಬೆರಳಾಡಿಸಿದಳು. ಕಾಗದ ನುಣ್ಣಗಿತ್ತು. ಮತ್ತೊಂದು ಚೀಟಿ ಮುಟ್ಟಿದಳು. ಅದೂ ಗಾಜಿನ ಹಾಗೆ ನುಣ್ಣಗೆ.

"ವೆಸೆಲಿನ್ ಅವರೇ, ಇದು ಪ್ರಿಂಟ್ ಹೊಡೆದದ್ದಾ?"

"ಹೂಂ, ಒಳ್ಳೇ ಕಾಗದ. ನೀರು ಬಿದ್ರೂ ಏನಾಗಲ್ಲ."

"ಚುಕ್ಕಿ ಬರೀ ಶಾಯಿಯಲ್ಲಿದೆ. ಕಣ್ಣಿದ್ದವರಿಗೆ ಮಾತ್ರ ಕಾಣತ್ತೆ."

ವೆಸೆಲಿನ್ ಸಣ್ಣ ದನಿಯಲ್ಲಿ ಕೇಳಿದ: "ಅಂದ್ರೆ... ಉಬ್ಬಿರಬೇಕಿತ್ತಾ?"

"ಪರವಾಗಿಲ್ಲ ಬಿಡಿ," ಅಂದಳು ಬಿಸ್ತ್ರಾ. ಅವನನ್ನು ಸಮಾಧಾನ ಮಾಡುವ ಕೆಲಸವೂ ಅವಳದ್ದೇ ಆಯಿತು.

ಆಗ ಮೂಲೆಯಿಂದ ಒಂದು ಒರಟು ದನಿ ಬಂತು. "ನಾಯಿ ಎಲ್ಲಿ ಮಲಗತ್ತೆ?"

"ನನ್ನ ಮೇಜಿನ ಕೆಳಗೆ."

"ಕಟ್ಟಿರ್ತೀರೋ, ಬಿಟ್ಟಿರ್ತೀರೋ?"

"ನಾನು ಕೆಲಸ ಮಾಡುವಾಗ ಕಟ್ಟಿರ್ತೀನಿ."

"ಹಗ್ಗ ಎಷ್ಟುದ್ದ?"

"ಸ್ತಾಮೆನ್, ಇವತ್ತಾದರೂ ಸುಮ್ನಿರಪ್ಪಾ," ಎಂದು ಗಿನ್ಕಾ ಗದರಿದಳು. ಬಿಸ್ತ್ರಾಳ ಕಿವಿಗೆ ಬಾಗಿ, ಮತ್ತೆ ಕೂಗುದನಿಯಲ್ಲೇ, "ಅವನ ಮಾತು ಮನಸ್ಸಿಗೆ ಹಚ್ಕೋಬೇಡಿ, ಟ್ರಾಲಿಬಸ್ ಡಿಪೋದಲ್ಲಿ ಜನ್ಮ ಕಳೆದವನು," ಅಂದಳು. ಹಗ್ಗದ ಉದ್ದ ಕೇಳಿದ್ದರಲ್ಲಿ ಹಚ್ಚಿಕೊಳ್ಳುವಂಥದ್ದು ಏನಿದೆ ಎಂದು ಬಿಸ್ತ್ರಾಗೆ ತಿಳಿಯಲಿಲ್ಲ. ಆ ಸಂಜೆ ಅವಳನ್ನು ಯಾರಾದರೂ ಕೇಳಿದ ಕೆಲಸಕ್ಕೆ ಬರುವ ಪ್ರಶ್ನೆ ಅದೊಂದೇ.

ಮುಂದಿನ ದಿನಗಳು ಹೀಗೇ ಹೋದವು. ಮುಕ್ಕಾಲಿಯ ಹಲಗೆಗೆ ಓರೆಯಾಗಿ ಮೂರು ತೂತು ಕೊರೆಯಬೇಕು. ಅದಕ್ಕೆಂದು ಅವಳು ಒಂದು ಓರೆ ದಿಮ್ಮಿ ಮಾಡಿಕೊಂಡಿದ್ದಳು. ಹಲಗೆಯನ್ನು ಅದಕ್ಕೆ ಬಿಗಿದರೆ ಡ್ರಿಲ್ಲಿನ ಮೊನೆಯ ಹತ್ತಿರ ಬೆರಳು ಹೋಗುವ ಪ್ರಮೇಯವೇ ಇಲ್ಲ. ಅವಳು ದಿಮ್ಮಿ ಬಿಗಿದು ಗುಂಡಿ ಒತ್ತುವಷ್ಟರಲ್ಲಿ ಯಾವುದೋ ಕೈ ಬಂದು ಹಲಗೆಯನ್ನು ಕಸಿದುಕೊಳ್ಳುತ್ತಿತ್ತು. "ಕೊಡಿ, ನಾನ್ಮಾಡಿಕೊಡ್ತೀನಿ. ನಿಮಗ್ಯಾಕೆ ತೊಂದರೆ." ಒಮ್ಮೆ ವೆಸೆಲಿನ್, ಒಮ್ಮೆ ಗಿನ್ಕಾ, ಒಮ್ಮೆ ಗಿಟಾರು ಮಾಡುವ ಆಸೆನ್. ತೂತು ನೆಟ್ಟಗೆ ಬೀಳುತ್ತಿತ್ತು, ಮುಕ್ಕಾಲಿ ಚೆನ್ನಾಗಿಯೇ ನಿಲ್ಲುತ್ತಿತ್ತು, ಅದರಲ್ಲಿ ಅವಳದು ಅನ್ನುವುದು ಏನೂ ಇರುತ್ತಿರಲಿಲ್ಲ. ಅವಳು "ಪರವಾಗಿಲ್ಲ" ಎಂದು ಮನೆಗೆ ಹೋಗಿ ಅಕ್ಕನ ಮೇಲೆ ರೇಗುತ್ತಿದ್ದಳು.

ಅನುಕೂಲವಾಗಲಿ ಎಂದು ಸಾಮಾನು ಜರುಗಿಸುವುದು ಇನ್ನೊಂದು ಪೀಡೆ. ಅಂಟಿನ ಡಬ್ಬಿ ನಿನ್ನೆ ಇದ್ದ ಕಡೆ ಇವತ್ತಿಲ್ಲ. ಕೇಳಿದರೆ, "ನಿಮ್ಮ ಕೈಗೆ ಸುಲಭವಾಗಿ ಸಿಗ್ಲಿ ಅಂತ ಹತ್ರ ಇಟ್ಟೆ" ಎನ್ನುತ್ತಿದ್ದರು. ಹತ್ತಿರ ಎಂದರೆ ಎಲ್ಲಿ ಎಂದು ಮೇಜೆಲ್ಲ ತಡಕುವ ಹೊತ್ತಿಗೆ ತೋಳೆಲ್ಲ ಅಂಟಾಗುತ್ತಿತ್ತು. ಗಿನ್ಕಾ ಅಂತೂ ಅವಳ ಎದುರಿಗೇ ಪಕ್ಕದವರನ್ನು ಕೇಳುತ್ತಿದ್ದಳು: "ಇವ್ರಿಗೆ ಕಾಫಿಗೆ ಸಕ್ಕರೆ ಹಾಕ್ಬೇಕಾ?"

"ಹಾಕ್ಬೇಕು," ಎಂದು ಬಿಸ್ತ್ರಾ ಉತ್ತರಿಸುತ್ತಿದ್ದಳು. "ಇವ್ರಿಗೆ ಕಿವಿಯೂ ಕೇಳತ್ತೆ, ಬಾಯಿಯೂ ಇದೆ."

ಗಿನ್ಕಾ ಗಹಗಹಿಸಿ ನಗುತ್ತಿದ್ದಳು. "ಎಷ್ಟು ತಮಾಷೆಯಾಗಿ ಮಾತಾಡ್ತಾರೆ ನೋಡಿ ಇವ್ರು." ಅದನ್ನೂ ಪಕ್ಕದವರಿಗೇ ಹೇಳುತ್ತಿದ್ದಳು.

ಸ್ತಾಮೆನ್ ಒಬ್ಬ ಮಾತ್ರ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಕಿಟಕಿಗಳಿಗೆ ಬಿಸಿಲು ತಡೆಯುವ ಮರದ ಪಟ್ಟಿಯ ಕದ ಮಾಡುತ್ತಾ ಮೂಲೆಯಲ್ಲೇ ಇರುತ್ತಿದ್ದ. ನಾಯಿ ಎದ್ದರೆ ಅವನ ಉಳಿಯ ಸದ್ದು ನಿಲ್ಲುತ್ತಿತ್ತು. ನಾಯಿ ಮಲಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ವಸಂತ ಬಂದ ಮೇಲೆ ಮೆಚೋನನ್ನು ಪಳಗಿಸಿದ ಹೆಂಗಸು, ಸೋಫಿಯಾ ನಗರದ ನಾಯಿ ತರಬೇತಿ ಶಾಲೆಯವಳು, ಪ್ರತಿ ವರ್ಷದ ಹಾಗೆ ನೋಡಿಕೊಂಡು ಹೋಗಲು ಮನೆಗೆ ಬಂದಳು. ಬಾಗಿಲು ತೆಗೆದ ಕೂಡಲೇ ಕೇಳಿದಳು: "ಇದು ನಾಯೀನಾ, ಸೋಫಾನಾ?"

"ದಪ್ಪ ಆಗಿದ್ದಾನಾ?"

"ಬಿಸ್ತ್ರಾ, ನಿಮಗೆ ಕೈಗೂ ಗೊತ್ತಾಗಲಿಲ್ವಾ? ಪಟ್ಟಿ ಎಷ್ಟನೇ ತೂತಿಗೆ ಬಂದಿದೆ ನೋಡಿ."

ಗೊತ್ತಾಗಿತ್ತು. ಚಳಿಗಾಲದ ರೋಮ ಎಂದುಕೊಂಡಿದ್ದಳು. ಇಬ್ಬರೂ ಬೀದಿಗೆ ಹೋದರು. ಬನಿತ್ಸಾ ಅಂಗಡಿಯ ಮುಂದೆ ಬಂದಾಗ ಮೆಚೋ ಕಾಲುದಾರಿ ಬಿಟ್ಟು, ಬಿಸ್ತ್ರಾಳನ್ನು ದರದರ ಎಳೆದುಕೊಂಡು ನೇರ ಅಂಗಡಿಯ ಮೆಟ್ಟಿಲಿಗೆ ಹೋಗಿ ಕೂತ. ಚೀಸು ತುಂಬಿ ಸುಟ್ಟ ಆ ಪದರು ತಿಂಡಿಯ ಬಿಸಿ ವಾಸನೆ ಬೀದಿಯೆಲ್ಲ ಹಬ್ಬಿತ್ತು. ತರಬೇತಿಯವಳು ನಗಲಿಲ್ಲ.

"ಯಾರೋ ತಿನ್ನಿಸ್ತಿದ್ದಾರೆ. ಮೂಗು ಹೇಳಿದ ಕಡೆ ಹೋಗೋ ನಾಯಿ ಒಂದಿನ ನಿಮ್ಮನ್ನ ಬಸ್ಸಿನ ಕೆಳಗೆ ಕರ್ಕೊಂಡು ಹೋಗತ್ತೆ. ಒಂದು ತಿಂಗಳು ನೋಡ್ತೀನಿ. ಸರಿಹೋಗದಿದ್ರೆ ವಾಪಸ್ ಕರ್ಕೊಂಡು ಹೋಗಿ ಮೊದಲಿಂದ ಪಳಗಿಸ್ಬೇಕು."

ಬಿಸ್ತ್ರಾ ಅಕ್ಕನನ್ನು ಬೈದಳು. ಅಕ್ಕ ಅಮ್ಮನ ಆಣೆ ಹಾಕಿ, ತಾನು ಒಂದು ತುಣುಕೂ ಕೊಟ್ಟಿಲ್ಲವೆಂದಳು. ಕೆಳಗಿನ ಮನೆಯ ಮುದುಕಿಯ ಮೇಲೂ ಅನುಮಾನ ಬಂತು. ಕಾರ್ಯಾಗಾರದ ನೆನಪು ಅವಳಿಗೆ ಬರಲಿಲ್ಲ. ನಾಯಿಯನ್ನು ಮುಟ್ಟಬಾರದು, ತಿನ್ನಿಸಬಾರದು ಎಂದು ಅಲ್ಲಿ ಮೊದಲ ವಾರವೇ ಹೇಳಿದ್ದಳು. ಎಲ್ಲರೂ "ಅಯ್ಯೋ, ಅಷ್ಟೂ ತಿಳಿಯಲ್ವಾ ನಮಗೆ" ಎಂದಿದ್ದರು.

ಅದೇ ವಾರ ವೆಸೆಲಿನ್ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಶುಕ್ರವಾರ ಸದಸ್ಯರ ಸಭೆ ಇಟ್ಟಿದ್ದೀವಿ. ಸ್ತಾಮೆನ್‌ನ ತೆಗೆದು ಹಾಕೋಣ ಅಂತ."

"ಯಾಕೆ?"

"ನಾಯಿಗೆ ಅಡ್ಡ ಹಲಗೆ ಕಟ್ಸಿ, ಇಲ್ಲಾಂದ್ರೆ ನಾನು ಬರೋ ದಿನ ಅದು ಬರ್ಬಾರದು ಅಂತಾನೆ. ಇಂಥ ಮನಸ್ಸಿನವರು ನಮ್ಮಲ್ಲಿರಬಾರದು. ನಾವೆಲ್ಲ ನಿಮ್ಮ ಪರವಾಗಿ ನಿಂತಿದ್ದೀವಿ."

"ನನ್ನನ್ನ ಒಂದು ಮಾತು ಕೇಳಿದ್ರಾ?"

"ನಿಮಗೆ ನೋವಾಗತ್ತೆ ಅಂತ ಹೇಳಿರಲಿಲ್ಲ."

ಬಿಸ್ತ್ರಾಗೆ ತಲೆ ಚಿಟ್ಟು ಹಿಡಿಯಿತು. ಮುಕ್ಕಾಲಿ ಮಾಡಲು ಬಂದವಳ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಹೊರಗೆ ಹಾಕಲು ಹೊರಟಿದ್ದಾರೆ, ಅದನ್ನು ಉಡುಗೊರೆಯ ಹಾಗೆ ಅವಳ ಕೈಗೆ ಕೊಡುತ್ತಿದ್ದಾರೆ.

ಶುಕ್ರವಾರ, ಸಭೆಗೆ ಮುಂಚೆ, ಅವಳು ಡ್ರಿಲ್ಲಿನ ಕಡೆಯಿಂದ ತನ್ನ ಮೇಜಿಗೆ ಹೊರಟಳು. ಮೆಚೋನ ಬೆನ್ನಪಟ್ಟಿಯ ಹಿಡಿ ಎಡಗೈಯಲ್ಲಿತ್ತು, ಬಲಗೈಯಲ್ಲಿ ಹಲಗೆ. ಆ ದಾರಿ ಮೆಚೋಗೆ ಬಾಯಿಪಾಠ. ಆದರೆ ಅರ್ಧ ದಾರಿಯಲ್ಲಿ ಅವನು ಥಟ್ಟನೆ ಬಲಕ್ಕೆ ತಿರುಗಿ ಎಳೆದ. ಅಷ್ಟೊತ್ತಿಗೆ ಆಸೆನ್ ಫೋನ್ ಬಂತೆಂದು ಪಟ್ಟಿ ಗರಗಸವನ್ನು ಓಡಲು ಬಿಟ್ಟು ಬಾಗಿಲ ಹತ್ತಿರ ಹೋಗಿದ್ದ. ಗರಗಸದ ಮೊರೆತ ಎಲ್ಲ ಕಡೆಯಿಂದಲೂ ಬರುತ್ತಿದ್ದ ಹಾಗಿತ್ತು. ಎಷ್ಟು ಹತ್ತಿರ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ನಿಂತ್ಕೋ," ಎಂದು ಸ್ತಾಮೆನ್ ಕೂಗಿದ. "ಕೈ ಚಾಚ್ಬೇಡ. ಬಲಗಡೆ ಗರಗಸ ಓಡ್ತಿದೆ. ಎಡಕ್ಕೆ ಹೆಜ್ಜೆ ಇಡು."

ಅವಳು ನಿಂತಳು. ಎಡಕ್ಕೆ ಹೆಜ್ಜೆ ಇಟ್ಟಳು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಗಿನ್ಕಾ ಚೀರುತ್ತಾ ಓಡಿಬಂದು ಹಿಂದಿನಿಂದ ಅವಳ ಅಂಗಿ ಹಿಡಿದು ಜಗ್ಗಿದಳು. ಬಿಸ್ತ್ರಾ ಹಿಮ್ಮುಖವಾಗಿ, ಯಾರೋ ದಾರಿಯಲ್ಲಿ ಬಿಟ್ಟಿದ್ದ ಪೆಟ್ಟಿಗೆಯ ಮೇಲೆ ಬಿದ್ದಳು. ಅಂಗೈ ಸುಲಿಯಿತು, ಮೊಣಕೈಗೆ ಪೆಟ್ಟಾಯಿತು. ಮೆಚೋ ಅವಳ ಕೈಬಿಟ್ಟು ಗಿನ್ಕಾಳ ಮೇಜಿನ ಹತ್ತಿರ ಹೋಗಿ ಬಾಲ ಬಡಿಯುತ್ತಾ ಕೂತ. ಬಾಲ ಮೇಜಿನ ಕಾಲಿಗೆ ಬಡಿಯುವ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಯಾರೋ ಗರಗಸ ನಿಲ್ಲಿಸಿದರು. ನಾಲ್ಕಾರು ಕೈಗಳು ಅವಳನ್ನು ನಾಲ್ಕಾರು ಕಡೆಗೆ ಎಳೆದು ಎಬ್ಬಿಸಲು ನೋಡಿದವು.

"ಬಿಡಿ ನನ್ನ," ಅಂದಳು ಬಿಸ್ತ್ರಾ.

"ಯಂತ್ರದ ಹತ್ರ ಹೋಗೋದು ನಿಮಗ್ಯಾಕೆ ಬೇಕಿತ್ತು," ಎಂದು ಗಿನ್ಕಾ ಅಳುದನಿಯಲ್ಲಿ ಅಂದಳು. "ನಾವೆಲ್ಲ ಇಲ್ವಾ ಮಾಡಿಕೊಡೋಕೆ?"

"ಗಿನ್ಕಾ, ನಿಮ್ಮ ಮೇಜಿನ ಮೇಲೆ ಏನಿದೆ?"

"ಏನೂ ಇಲ್ಲ. ಚರ್ಮ."

"ಬನಿತ್ಸಾ ಇದೆ," ಅಂದ ಸ್ತಾಮೆನ್ ದೂರದಿಂದ. "ದಿನಾ ಅರ್ಧ ಇವಳು ತಿಂತಾಳೆ, ಅರ್ಧ ಅದು ತಿನ್ನತ್ತೆ."

ಸಭೆಗೆ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ವೆಸೆಲಿನ್ ಗಂಟಲು ಸರಿಮಾಡಿಕೊಂಡು, ಎಲ್ಲರನ್ನೂ ಒಳಗೊಳ್ಳುವ ಬಗ್ಗೆ ಏನೋ ಶುರು ಮಾಡಿದ. ಬಿಸ್ತ್ರಾ ಅಂಗೈಗೆ ಬಟ್ಟೆ ಸುತ್ತಿಕೊಂಡು ಎದ್ದು ನಿಂತಳು.

"ನಿಮ್ಮ ಮಾತಿಗೆ ಮುಂಚೆ ನಂದೊಂದು ಪ್ರಶ್ನೆ. ಮೆಚೋಗೆ ಯಾರ‍್ಯಾರು ತಿನ್ನೋಕೆ ಕೊಡ್ತಿದ್ದೀರಿ?"

ಕುರ್ಚಿಗಳು ಕಿರುಗುಟ್ಟಿದವು.

"ತಲೆ ಬಗ್ಗಿಸ್ಕೊಂಡು ಕೂತರೆ ನನಗೆ ಕಾಣಲ್ಲ. ಬಾಯಿ ಬಿಟ್ಟು ಹೇಳಿ."

"ಒಂದು ಚೂರು ಅಷ್ಟೇ," ಅಂದಳು ಗಿನ್ಕಾ. "ಅದು ನೋಡೋ ನೋಟಕ್ಕೆ ಕರುಳು ಕಿತ್ತು ಬರತ್ತೆ."

"ನಾನು ಬೆಳಗ್ಗೆ ಮಾತ್ರ," ಅಂದ ವೆಸೆಲಿನ್. "ಸಾಸೇಜಿನ ತುದಿ. ನನಗೆ ಹೇಗಿದ್ರೂ ಸೇರಲ್ಲ."

"ಗಿನ್ಕಾ ಕೊಡ್ತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದ ಆಸೆನ್, ಮೋಸ ಹೋದವನ ಹಾಗೆ. "ನಾನೊಬ್ಬನೇ ಕೊಡ್ತಿದ್ದೀನಿ ಅಂದ್ಕೊಂಡಿದ್ದೆ. ಚೀಸು."

ಆಮೇಲೆ ಕಟ್ಟೆ ಒಡೆಯಿತು. ಮಡಕೆ ಮಾಡುವ ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಯದ ಹಾಗೆ ಬೇರೆ ಬೇರೆ ಕೊಡುತ್ತಿದ್ದರಂತೆ. ಸೈಕಲ್ ರಿಪೇರಿಯವನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಡುತ್ತಿದ್ದನಂತೆ. ಒಬ್ಬೊಬ್ಬರೂ ಮೆಚೋಗೆ ತಾವೇ ಪ್ರಾಣ ಎಂದು ನಂಬಿದ್ದರು. ಬಿಸ್ತ್ರಾ ಪ್ರತಿಯೊಬ್ಬರ ದನಿ ಕೇಳಿ ಕೇಳಿ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನು ಕೊಟ್ಟಿಲ್ಲ," ಅಂದ ಸ್ತಾಮೆನ್. "ಅದರ ಬಾಯಿ ಹತ್ರ ನನ್ನ ಕೈ ಹೋಗಲ್ಲ."

"ಅದಕ್ಕೇ ಇವತ್ತು ನನ್ನ ಕೈ ನೆಟ್ಟಗಿದೆ," ಅಂದಳು ಬಿಸ್ತ್ರಾ. "ನೀವೆಲ್ಲ ಅದರ ಮುಖ ನೋಡ್ತಾ ಕರಗ್ತೀರಿ. ಇವರೊಬ್ಬರು ಹೆದರ್ಕೊಂಡು ಅದು ಎಲ್ಲಿ ಹೋಗ್ತಿದೆ ಅಂತ ನೋಡ್ತಾರೆ. ಇವರನ್ನ ತೆಗೆದು ಹಾಕೋದಾದರೆ ನಾನೂ ಹೋಗ್ತೀನಿ. ಇನ್ನೊಂದು ತಿಂಗಳಲ್ಲಿ ಮೆಚೋ ಸರಿಹೋಗದಿದ್ರೆ ಅವನನ್ನೂ ಕರ್ಕೊಂಡು ಹೋಗ್ತಾರೆ. ನಿಮ್ಮ ಪ್ರೀತಿಯಿಂದ ನನಗೆ ಉಳಿಯೋದು ಏನು ಅಂತ ನೀವೇ ಲೆಕ್ಕ ಹಾಕಿ."

"ನಾವು ಒಳ್ಳೇದಕ್ಕೇ ತಾನೇ..." ಎಂದ ವೆಸೆಲಿನ್.

"ಗೊತ್ತು. ಅದಕ್ಕೇ ಇಷ್ಟು ದಿನ ಪರವಾಗಿಲ್ಲ ಅಂದೆ. ಅದು ನನ್ನ ತಪ್ಪು. ಇನ್ಮೇಲೆ ಅನ್ನಲ್ಲ. ನನ್ನ ಕೈಯಿಂದ ಹಲಗೆ ಕಿತ್ಕೋಬೇಡಿ. ಏನಾದ್ರೂ ಜರುಗಿಸಿದ್ರೆ ಬಾಯಿಬಿಟ್ಟು ಹೇಳಿ. ದಾರಿಯಲ್ಲಿ ಪೆಟ್ಟಿಗೆ ಬಿಡಬೇಡಿ, ಅದು ಕಣ್ಣಿದ್ದವರಿಗೂ ಒಳ್ಳೇದೇ. ಸಹಾಯ ಬೇಕಾದ್ರೆ ನಾನೇ ಕೇಳ್ತೀನಿ, ನನಗೇನೂ ನಾಚಿಕೆ ಇಲ್ಲ. ನಾಯಿಗೆ ಮಾತ್ರ ಒಂದು ತುಣುಕೂ ಬೇಡ."

ಗಿನ್ಕಾ ದಡಕ್ಕನೆ ಎದ್ದಳು. "ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಸಿಕ್ಕಿದ್ದು," ಎಂದು ಚೀಲ ಎತ್ತಿಕೊಂಡು ಹೋದಳು. ಬಾಗಿಲು ಹಾಕಿಕೊಂಡ ಸದ್ದಿಗೆ ಬಿಸ್ತ್ರಾಗೆ ಸಂಕಟವಾಯಿತು. ಸುಲಿದದ್ದು ತನ್ನ ಅಂಗೈ, ಸಂಕಟವೂ ತನಗೇ ಯಾಕಾಗಬೇಕು ಎಂದು ಆ ಸಂಕಟದ ಮೇಲೂ ಸಿಟ್ಟು ಬಂತು.

ಸ್ತಾಮೆನ್‌ನ ವಿಷಯ ಅಲ್ಲಿಗೇ ಬಿದ್ದುಹೋಯಿತು. ಮರುದಿನ ಅವನು ಅವಳ ಮೇಜಿನಿಂದ ಸಾಕಷ್ಟು ದೂರ ನಿಂತು ಹೇಳಿದ: "ನೀವು ನನ್ನ ಪರವಾಗಿ ಮಾತಾಡಿ ಅಂತ ನಾನು ಕೇಳಿರಲಿಲ್ಲ."

"ಕಿರಿಕಿರಿ ಆಯ್ತಲ್ಲ? ನನಗೂ ಹಾಗೇ ಆಗ್ತಿತ್ತು. ನಾಯಿ ನಿಮಗೆ ಎಲ್ಲಿ ಕಚ್ಚಿತ್ತು?"

"ತೊಡೆಗೆ. ಡಿಪೋದ ಕಾವಲು ನಾಯಿ. ಮಾಂಸ ಕಿತ್ಕೊಂಡು ಹೋಯ್ತು. ಆಗ ನಂಗೆ ಮದುವೆನೂ ಆಗಿರಲಿಲ್ಲ."

"ಅಡ್ಡ ಹಲಗೆ ಎಷ್ಟೆತ್ತರ ಬೇಕು?"

"ಸೊಂಟದವರೆಗೆ. ಅದಕ್ಕೆ ನಾನು ಕಾಣಬಾರದು, ನನಗೆ ಅದು ಕಾಣಬೇಕು."

ಇಬ್ಬರೂ ಸೇರಿ ಮೂಲೆಯಲ್ಲಿ ಹಲಗೆ ಕಟ್ಟಿದರು. ಒಂದು ಕಡೆ ಅವನು, ಇನ್ನೊಂದು ಕಡೆ ಅವಳು, ಅವಳ ಕಾಲ ಬಳಿ ಮೆಚೋ. ಮೊಳೆ ಹೊಡೆಯುವಾಗ ಅವಳು ಅವನ ಹೆಬ್ಬೆರಳಿಗೆ ಒಂದೇಟು ಕೊಟ್ಟಳು. ಅವನು ಬೈದ ಬೈಗುಳ ಕೇಳಿ ಅವಳಿಗೆ ಎಷ್ಟೋ ತಿಂಗಳ ಮೇಲೆ ಹಗುರವೆನಿಸಿತು. ಅಲ್ಲಿಗೆ ಬಂದಾಗಿನಿಂದ ಯಾರೂ ಅವಳನ್ನು ಬೈದಿರಲಿಲ್ಲ.

ಮೆಚೋ ಒಂದು ತಿಂಗಳಲ್ಲಿ ಸರಿಹೋಗಲಿಲ್ಲ. ಸ್ವಲ್ಪ ಇಳಿದ, ಆದರೆ ಅಂಗಡಿಯ ಮೆಟ್ಟಿಲು ಬಿಡಲಿಲ್ಲ. ತರಬೇತಿಯವಳು ಬಂದು ಅವನನ್ನು ಸೋಫಿಯಾಕ್ಕೆ ಕರೆದುಕೊಂಡು ಹೋದಳು. ಬಿಸ್ತ್ರಾ ಬೀರುವಿನಿಂದ ಬಿಳಿಕೋಲು ತೆಗೆದು ಒಬ್ಬಳೇ ಓಡಾಡಿದಳು. ಕೋಲು ಹಿಡಿದು ಕಾರ್ಯಾಗಾರಕ್ಕೆ ಹೋದರೆ ಅಲ್ಲಿ ಅವಳಿಗೆ ಒಂದು ವಿಷಯ ತಿಳಿಯಿತು: ಮೇಜಿನ ಹತ್ತಿರ ಬಂದು ಹರಟುತ್ತಿದ್ದವರು ಯಾರೂ ಈಗ ಬರುತ್ತಿರಲಿಲ್ಲ. ಬಂದರೂ, "ಮೆಚೋ ಯಾವಾಗ ಬರ್ತಾನೆ?" ಎಂದು ಕೇಳಿ ಹೋಗುತ್ತಿದ್ದರು. ವೆಸೆಲಿನ್ ಮಾತ್ರ ದಿನಕ್ಕೊಂದು ಸಲ ದೂರದಿಂದ, "ಬಿಸ್ತ್ರಾ, ನಾನು ವೆಸೆಲಿನ್, ಅಂಟಿನ ಡಬ್ಬಿ ಜರುಗಿಸಿಲ್ಲ," ಎಂದು ವರದಿ ಒಪ್ಪಿಸುತ್ತಿದ್ದ. ಜರುಗಿಸದೆ ಇದ್ದದ್ದನ್ನು ಹೇಳಬೇಕಿಲ್ಲ ಎಂದು ಅವನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ಸ್ತಾಮೆನ್ ಕೂಡ ಒಂದಿನ ಹಲಗೆಯ ಆಚೆಯಿಂದ ಕೇಳಿದ: "ಅದು ಬರೋದು ಯಾವಾಗ?"

"ನೀವೂ ಕಾಯ್ತಿದ್ದೀರಾ?"

"ಎಚ್ಚರಿಕೆಗೆ ಕೇಳಿದೆ."

ಮೆಚೋ ತೆಳ್ಳಗಾಗಿ ಹಿಂದಿರುಗಿದ ವಾರವೇ ಗಿನ್ಕಾಳೂ ಹಿಂದಿರುಗಿದಳು. ಬಿಸ್ತ್ರಾಳ ಜೊತೆ ಮಾತಿಲ್ಲ. ನೇರ ನಾಯಿಯ ಮುಂದೆ ನಿಂತು, ಮುಟ್ಟದೆ, "ನಿನ್ನ ಯಜಮಾನಿಗೆ ಹೇಳು, ನನ್ನ ಮೇಜನ್ನ ಎಡಗಡೆ ಗೋಡೆಗೆ ಜರುಗಿಸಿದ್ದೀನಿ ಅಂತ," ಎಂದಳು.

"ಮೆಚೋ, ಆಕೆಗೆ ಥ್ಯಾಂಕ್ಸ್ ಹೇಳು," ಅಂದಳು ಬಿಸ್ತ್ರಾ.

"ನೀನು ತೆಳ್ಳಗಾಗಿ ಅರ್ಧ ಆಗಿದ್ದೀಯ ಅಂತಾನೂ ಹೇಳು. ಪಾಪಿಗಳು," ಎಂದು ಗಿನ್ಕಾ ಹೋದಳು.

ಆ ದಿನ ಮಧ್ಯಾಹ್ನ ಬಿಸ್ತ್ರಾ ಓರೆ ದಿಮ್ಮಿಗೆ ಹಲಗೆ ಬಿಗಿದಳು. ಗುಂಡಿ ಒತ್ತಿದಳು. ಸುತ್ತ ಜನ ಉಸಿರು ಬಿಗಿಹಿಡಿದು ನಿಂತದ್ದು ಅವಳಿಗೆ ತಿಳಿಯುತ್ತಿತ್ತು. ಅದೂ ಒಂದು ಹಿಂಸೆಯೇ, ಆದರೆ ಯಾವ ಕೈಯೂ ಮುಂದೆ ಬರಲಿಲ್ಲ. ಮೊನೆ ಮರಕ್ಕಿಳಿದು ಬೆಚ್ಚನೆಯ ಪುಡಿ ಮಣಿಕಟ್ಟಿನ ಮೇಲೆ ಬಿತ್ತು. ಮೂರು ತೂತನ್ನೂ ತಾನೇ ಕೊರೆದಳು. ಕಾಲು ಕೂಡಿಸಿ ಮುಕ್ಕಾಲಿಯನ್ನು ನೆಲಕ್ಕಿಟ್ಟು ಕೂತಳು. ಅದು ಹಿಂದಕ್ಕೆ ವಾಲಿತು.

"ಒಂದು ಕಾಲು ಆಚೆ ಹೋಗಿದೆ," ಅಂದ ಸ್ತಾಮೆನ್.

"ಕೂತಿರೋದು ನಾನು. ನನಗೆ ಗೊತ್ತಾಗಲ್ವಾ?"

"ದಿಮ್ಮಿ ಸರಿಯಾಗಿ ಬಿಗಿದಿರಲಿಲ್ಲ."

"ಅದೂ ಗೊತ್ತು."

ಅವಳು ಕಾಲು ಕಿತ್ತು, ತೂತಿಗೆ ಬೆಣೆ ಹೊಡೆದು ಮುಚ್ಚಿ, ಮತ್ತೆ ಬಿಗಿಯತೊಡಗಿದಳು. ಸಂಜೆಯಾಗಿ ಒಬ್ಬೊಬ್ಬರೇ ಹೊರಟರು. ವೆಸೆಲಿನ್ ಹೊರಡುವಾಗ ಬೀಗದ ಕೈಯನ್ನು ಸ್ತಾಮೆನ್‌ಗೆ ಕೊಟ್ಟು ಹೋದ. ಸ್ತಾಮೆನ್ ಸಲಕರಣೆ ಒರೆಸಿಟ್ಟು, ಕೋಟು ಹಾಕಿಕೊಂಡು, ಮೆಚೋ ಮಲಗಿದ ಕಡೆಯನ್ನು ತಪ್ಪಿಸಿ ಗೋಡೆಗುಂಟ ಸುತ್ತಿ ಬಾಗಿಲಿಗೆ ಹೋದ.

"ಇನ್ನೂ ಎಷ್ಟು ಹೊತ್ತು?"

"ಇದು ನೆಟ್ಟಗೆ ನಿಲ್ಲೋವರೆಗೆ."

"ನನಗೆ ಕಾಯೋಕೆ ಆಗಲ್ಲ, ಮನೆಯಲ್ಲಿ ಸೂಪು ಆರಿ ಹೋಗತ್ತೆ. ಬೀಗ ನೀವೇ ಹಾಕಿ," ಎಂದು ಕೀಲಿಯನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟ. "ಬಾಗಿಲಿನ ಬಲಕ್ಕೆ, ಮೇಜಿನ ಅಂಚಲ್ಲಿ. ದೀಪ ಆರಿಸಿ ಹೋಗಿ."

"ಉರೀತಾ ಇದೆಯೋ ಇಲ್ವೋ ನನಗೇನು ಗೊತ್ತು?"

ಸ್ತಾಮೆನ್ ಬೇಸರದಿಂದ ಉಸಿರು ಬಿಟ್ಟದ್ದು ಕೇಳಿಸಿತು. "ಉರೀತಾ ಇದೆ," ಅಂದ.

"ಆರಿಸಿ ಹೋಗಿ ಹಾಗಾದ್ರೆ. ನನಗ್ಯಾಕೆ ಅದು?"

ಗೋಡೆಯ ಮೇಲಿನ ಗುಂಡಿ ಟಪ್ಪೆಂದಿತು, ಬಾಗಿಲು ಮುಚ್ಚಿತು. ಬಿಸ್ತ್ರಾ ಹಲಗೆಯನ್ನು ದಿಮ್ಮಿಗೆ ಇನ್ನೊಂದು ಸುತ್ತು ಬಿಗಿದಳು.